ಹರಾಜಿನವಳ ಗಂಟಲು

ಜನವರಿ 9

ಅಮ್ಮಾ,

ಭಾನುವಾರ ಪೇಟೆಗೆ ಇಳಿದಿದ್ದೆ. ಅಂಚೆ ಕಚೇರಿ ಪಕ್ಕದ ಬೂತಿನಲ್ಲಿ ಸಾಲು ನಿಂತು ನಿನಗೆ ಫೋನ್ ಮಾಡಿದೆ. ಎತ್ತಿದ್ದು ಚಿಕ್ಕಮ್ಮ. ನಾನು ಎಷ್ಟು ಕಿರುಚಿದರೂ ಅವಳ ಕಿವಿಗೆ ಬೀಳಲಿಲ್ಲ. "ಏನೂ ಕೇಳಿಸ್ತಾ ಇಲ್ಲ ಕಣೇ" ಅಂತ ಯಾರಿಗೋ ಹೇಳಿ ಇಟ್ಟುಬಿಟ್ಟಳು. ಆ ಮನೆಯಲ್ಲಿ 'ಕಣೇ' ಅನ್ನಿಸಿಕೊಳ್ಳುವವಳು ನೀನೊಬ್ಬಳೇ. ಹಾಗಾದರೆ ಪಕ್ಕದಲ್ಲೇ ನಿಂತಿದ್ದೆ. ಫೋನ್ ಯಾಕೆ ಇಸಕೊಳ್ಳಲಿಲ್ಲ?

ಕೋಪ ಬಂದಿತ್ತು, ಆದರೆ ಜಾಸ್ತಿ ಹೊತ್ತು ನಿಲ್ಲಲಿಲ್ಲ, ಯಾಕೆಂದರೆ ಇಲ್ಲಿ ಆಗಿರೋದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗತ್ತೆ. ದೊಡ್ಡ ಗುಹೆಯ ಹಿಂಭಾಗದಲ್ಲಿ, ಗೋಡೆಯೇ ಅಂದುಕೊಂಡಿದ್ದ ಕಡೆ, ಒಂದು ಸೀಳಿನಿಂದ ಗಾಳಿ ಬೀಸುತ್ತಿತ್ತು. ಗುಹೆಗೆ ಹಗ್ಗ ಕಟ್ಟಿ ನಮ್ಮನ್ನು ಇಳಿಸುವ ಹಗ್ಗದಣ್ಣ ಅಲ್ಲಿಗೆ ಕೈ ಒಡ್ಡಿ ನೋಡಿ, ಇದು ಉಸಿರಾಡ್ತಾ ಇದೆ ಅಂದ. ಕಲ್ಲು ಸರಿಸಿ, ಹೊಟ್ಟೆ ಮೇಲೆ ತೆವಳಿಕೊಂಡು ಹೋದರೆ ಇನ್ನೊಂದು ಕೋಣೆ. ಛಾವಣಿ ತುಂಬ ಬಾವಲಿ. ಈ ಭಾಗದಲ್ಲಿ ಇಲ್ಲವೇ ಇಲ್ಲ ಅಂತ ಪುಸ್ತಕಗಳೆಲ್ಲ ಬರೆದಿರುವ ಜಾತಿ ಅದು, ಅಮ್ಮ. ಮರಿಗಳನ್ನು ಎದೆಗೆ ಅಂಟಿಸಿಕೊಂಡು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ನಾನು ಕತ್ತಲಲ್ಲಿ ಅಂಗಾತ ಮಲಗಿಕೊಂಡೇ ನಕ್ಕೆ. ಹಗ್ಗದಣ್ಣ ನನಗೆ ತಲೆ ಕೆಟ್ಟಿತು ಅಂದುಕೊಂಡ.

ಕಳೆದ ವರ್ಷ ನೀನು ಬಂದಿದ್ದಾಗ ಮುಂದಿನ ಕೋಣೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಇಡೀ ಮೀನಿನ ಹರಾಜನ್ನು ಕೂಗಿದ್ದೆಯಲ್ಲ, ಬಾವಲಿಗಳೆಲ್ಲ ಎದ್ದು ಧೂಳೆಬ್ಬಿಸಿ ನಮ್ಮನ್ನು ಮುಚ್ಚಿಹಾಕಿದ್ದವಲ್ಲ, ಹಗ್ಗದಣ್ಣ ಇವತ್ತಿಗೂ ಅದನ್ನು ಅಣಕಿಸುತ್ತಾನೆ. ನಾಲ್ಕು ವರ್ಷ ಬಾವಲಿ ಎಣಿಸುವ ನನ್ನ ಕೆಲಸದ ಬಗ್ಗೆ ಒಂದು ಮಾತೂ ಕೇಳದವಳು ಅವತ್ತು ಎಷ್ಟು ಪ್ರಶ್ನೆ ಕೇಳಿದೆ ಅಂತ ನಿನಗೇ ನೆನಪಿರಲಿಕ್ಕಿಲ್ಲ. ನನಗಿದೆ.

ಹಿಂದಿನ ಸಾರಿ ಮಾತಾಡಿದಾಗ ನಿನ್ನ ಗಂಟಲು ಕಟ್ಟಿತ್ತು. ಈಗ ಹೇಗಿದೆ? ಕ್ಯಾಂಪಿಗೆ ಟಪಾಲು ವಾರಕ್ಕೊಮ್ಮೆ ಜೀಪಿನಲ್ಲಿ ಬರತ್ತೆ. ಎರಡು ಸಾಲಾದರೂ ಗೀಚು.

ನಿನ್ನ ಮಗಳು


ಜನವರಿ 20

ನನ್ನ ಬಾವಲಿಗೆ,

ಎರಡು ಸಾಲು ಕೇಳಿದ್ದೀಯ, ಎರಡು ಹಾಳೆ ತಗೋ. ನನಗೀಗ ಬರೆಯೋದೇ ಕಸುಬು. ಗಂಟಲಿಗೆ ವಿಶ್ರಾಂತಿ ಕೊಡಬೇಕು, ಪಿಸುಮಾತೂ ಕೂಡದು ಅಂತ ಗಂಟಲಿನ ಡಾಕ್ಟರಮ್ಮ ಬಾಯಿಗೆ ಬೀಗ ಹಾಕಿದ್ದಾರೆ. ಈ ಮನೆಯಲ್ಲಿ ಮಾತಾಡಬಾರದವಳು ಒಬ್ಬಳು, ಕೇಳಿಸದವಳು ಇನ್ನೊಬ್ಬಳು. ಫೋನ್ ಇರೋದು ಮೇಜಿನ ಅಲಂಕಾರಕ್ಕೆ.

ಸ್ಲೇಟು ತಂದುಕೊಂಡಿದ್ದೇನೆ. ನಿನ್ನ ಚಿಕ್ಕಮ್ಮನ ಜೊತೆ ಜಗಳ ಅದರಲ್ಲೇ. ನಾನು ಬರೆದು ಮುಗಿಸುವಷ್ಟರಲ್ಲಿ ಅವಳಿಗೆ ಜಗಳ ಯಾಕೆ ಶುರುವಾಯಿತು ಅನ್ನೋದೇ ಮರೆತುಹೋಗಿರತ್ತೆ. ನಾನು ಗೆದ್ದೆ ಅಂತ ಬರೆದುಕೊಂಡು ಒರೆಸುತ್ತೇನೆ.

ಆಸ್ಪತ್ರೆಯಲ್ಲಿ ನಡೆದದ್ದು ಕೇಳು. ಕಪ್ಪು ಕೊಳವೆಯೊಂದನ್ನು ಮೂಗಿನಿಂದ ಒಳಗೆ ಬಿಟ್ಟರು, ಹೆಚ್ಚುಕಮ್ಮಿ ನಿಮ್ಮ ಹಗ್ಗದಣ್ಣ ಹಗ್ಗ ಇಳಿಸಿದ ಹಾಗೆ. ತುದಿಯಲ್ಲಿ ದೀಪ, ದೀಪದ ಪಕ್ಕ ಕ್ಯಾಮೆರಾ. ಎದುರಿಗೆ ಟಿವಿ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಾನು ಟಿವಿಯಿಂದ ದೃಷ್ಟಿ ಕೀಳಲಿಲ್ಲ. ಇಷ್ಟು ವರ್ಷ ಕೂಗಿ ಕೂಗಿ ಅನ್ನ ಸಂಪಾದಿಸಿದ ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ ನೋಡು. ಎರಡು ಬಾಗಿಲ ಪಟ್ಟಿಯ ಹಾಗೆ ಎರಡು ತಂತು. "ಈ" ಅನ್ನಿ ಅಂದರು. ಕೂಡಿಕೊಳ್ಳಲು ಹೋದವು. ಆದರೆ ಒಂದು ಕಡೆ ಪುಟ್ಟ ಹೂಕೋಸಿನ ಥರ ಏನೋ ಬೆಳೆದು ಅಡ್ಡ ನಿಂತಿತ್ತು. ಡಾಕ್ಟರಮ್ಮ ಅದನ್ನು ಬಹಳ ಹೊತ್ತು ನೋಡಿದರು. ಚೂರು ಕಿತ್ತು ಪರೀಕ್ಷೆಗೆ ಕಳಿಸಿದ್ದಾರೆ. ಊತ ಅಂತೆ. ತಲೆ ಕೆಡಿಸಿಕೊಳ್ಳುವಂಥದ್ದಲ್ಲ.

ಮಾರುಕಟ್ಟೆಯ ನನ್ನ ಹರಾಜು ಕಟ್ಟೆಯಲ್ಲಿ ಈಗ ಬೇರೊಬ್ಬ ಕೂಗುತ್ತಿದ್ದಾನೆ. ಪಾಪ, ಒಳ್ಳೆಯವನೇ. ಅವನು "ಒಂದು ಸಾರಿ" ಅಂದು "ಎರಡು ಸಾರಿ"ಗೆ ಬರುವಷ್ಟರಲ್ಲಿ ಐಸು ಕರಗಿ ನೀರಾಗಿ ಮೀನು ಮತ್ತೆ ಈಜಲು ಶುರುಮಾಡತ್ತೆ.

ಹೊಸ ಕೋಣೆಯ ವಿಷಯ ಓದಿ ನಿನ್ನ ಚಿಕ್ಕಮ್ಮನಿಗೂ ತೋರಿಸಿದೆ. ನಿನ್ನ ಬಾವಲಿಗಳನ್ನು ಸರಿಯಾಗಿ ಎಣಿಸು. ಅರ್ಧಕ್ಕೆ ಬಿಟ್ಟು ಇಲ್ಲಿಗೆ ಓಡಿ ಬರಬೇಡ.

ಅಮ್ಮ


ಫೆಬ್ರವರಿ 6

ಮಗಳೇ,

ಇದನ್ನು ಬರೆಯುತ್ತಿರೋದು ನಿನ್ನ ಅಮ್ಮನಿಗೆ ಗೊತ್ತಿಲ್ಲ. ಗೊತ್ತಾದರೆ ಸ್ಲೇಟಿನಿಂದಲೇ ಬಾರಿಸುತ್ತಾಳೆ. ಆದರೂ ಬರೆಯುತ್ತಿದ್ದೇನೆ.

ಊತ ಅಂತ ಬರೆದಿದ್ದಾಳೆ ತಾನೆ? ಊತ ಅಲ್ಲ. ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಉಸಿರಿನ ದಾರಿಯೂ ಸಣ್ಣಗಾಗುತ್ತಿದೆ, ಆದ್ದರಿಂದ ತಡಮಾಡುವ ಹಾಗಿಲ್ಲ, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದುಬಿಡಬೇಕು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಆಮೇಲೆ ಕುತ್ತಿಗೆಯಲ್ಲಿ ಒಂದು ತೂತು ಇರತ್ತಂತೆ, ಉಸಿರಾಡೋದು ಅಲ್ಲಿಂದ. ಅವಳ ಧ್ವನಿಯಲ್ಲಿ ಅವಳು ಇನ್ನು ಮಾತಾಡೋದಿಲ್ಲ. ಆಪರೇಷನ್ ಮಾರ್ಚ್ ಮೂರಕ್ಕೆ.

ಡಾಕ್ಟರಮ್ಮ ಇದನ್ನೆಲ್ಲ ನನಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಬೇಕಾಯಿತು. ಕಾರಿಡಾರಿನ ಜನವೆಲ್ಲ ತಿರುಗಿ ನೋಡಿದರು. ನಿನ್ನ ಅಮ್ಮ ಮಾತ್ರ ಚೀಲದ ಜಿಪ್ಪು ಎಳೆಯೋದು ಬಿಡೋದು ಮಾಡುತ್ತ ಕೂತಿದ್ದಳು. ಬಸ್ಸಿನಲ್ಲಿ ಬರುವಾಗ ಸ್ಲೇಟು ತೆಗೆದು, "ಅವಳಿಗೆ ಹೇಳಿದರೆ ನೋಡು" ಅಂತ ಬರೆದಳು. ಅಷ್ಟೇ.

ತೆಳ್ಳಗಾಗಿದ್ದಾಳೆ. ಊಟ ನುಂಗಲು ಕಷ್ಟ. ಬೆಳಿಗ್ಗೆ ಅಭ್ಯಾಸಬಲದಿಂದ ಮೊಣಕಾಲಿನವರೆಗಿನ ರಬ್ಬರ್ ಬೂಟು ಹಾಕಿಕೊಂಡು ಕೋಣೆಯ ಕನ್ನಡಿ ಮುಂದೆ ನಿಲ್ಲುತ್ತಾಳೆ. ತುಟಿ ಅಲ್ಲಾಡುತ್ತಿರತ್ತೆ, ಕೈ ಬೀಸುತ್ತಾಳೆ. ಹರಾಜು ನಡೆಸುತ್ತಾಳೆ ಕಣೇ. ನನಗೆ ಹೇಗೂ ಕಿವಿ ಕೇಳಿಸೋದಿಲ್ಲ, ತುಟಿ ಓದಿ ಅಭ್ಯಾಸ. ಒಂದು ಪದವನ್ನೂ ತಪ್ಪುವುದಿಲ್ಲ ಅವಳು.

ಬರೋದು ಬಿಡೋದು ನಿನಗೆ ಸೇರಿದ್ದು. ಹೇಳದೆ ಇರೋದು ನನ್ನಿಂದ ಆಗಲಿಲ್ಲ.

ಚಿಕ್ಕಮ್ಮ


ಫೆಬ್ರವರಿ 11

ಅಮ್ಮಾ,

ಚಿಕ್ಕಮ್ಮನನ್ನು ಬೈಯಬೇಡ. ಮೊದಲು ಇದನ್ನು ಪೂರ್ತಿ ಓದು, ಓದಿದ ಮೇಲೆ ಮತ್ತೊಮ್ಮೆ ಓದು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲ.

ಪತ್ರ ಬಂದಾಗ ನಾನು ಡೇರೆಯ ಮುಂದೆ ಕೂತು ಬೂಟಿನ ಕೆಸರು ಕೆರೆಯುತ್ತಿದ್ದೆ. ಓದಿ ಹಗ್ಗದಣ್ಣನ ಕೈಗೆ ಕೊಟ್ಟೆ. ಅವನು ಓದಿ ಮಡಿಸಿದ. ಆಮೇಲೆ ಮೆಲ್ಲಗೆ ಕೇಳಿದ: "ನಿಮ್ಮಮ್ಮ ಗುಹೆಗೆ ಬಂದಿದ್ದನ್ನು ಆ ಡಾಕ್ಟರಿಗೆ ಯಾರಾದರೂ ಹೇಳಿದ್ದಾರಾ?"

ನಾನು ಬೂಟು ಕೆಳಗೆ ಬಿಟ್ಟು ಎದ್ದು ನಿಂತೆ. ನಿನಗೆ ಹೇಳಿರಲಿಲ್ಲ, ನೀನು ಬಂದು ಹೋದ ಕೆಲವು ವಾರಕ್ಕೆ ಅವನಿಗೆ ಜ್ವರ, ಕೆಮ್ಮು ಶುರುವಾಗಿತ್ತು. ಎದೆಯ ಫೋಟೋ ತೆಗೆದು ಕ್ಷಯ ಅಂದರು. ಕ್ಷಯದ ಮಾತ್ರೆಗೆ ಜಗ್ಗಲಿಲ್ಲ. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಕಂಡುಹಿಡಿದರು, ಅದು ಶಿಲೀಂಧ್ರ. ಬ್ರೆಡ್ಡಿನ ಮೇಲೆ ಬೂಷ್ಟು ಬರತ್ತಲ್ಲ, ಅದರ ದೂರದ ನೆಂಟ ಅಂದುಕೋ. ಬಾವಲಿಯ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಬೆಳೆಯತ್ತೆ. ಧೂಳೆದ್ದರೆ ಉಸಿರಿನ ಜೊತೆ ಒಳಗೆ ಹೋಗತ್ತೆ. ಬಹಳ ಜನಕ್ಕೆ ಬಂದಿದ್ದೂ ಗೊತ್ತಾಗುವುದಿಲ್ಲ, ಹೋಗಿದ್ದೂ ಗೊತ್ತಾಗುವುದಿಲ್ಲ. ಎಲ್ಲೋ ಒಬ್ಬಿಬ್ಬರಲ್ಲಿ ಒಳಗೇ ಉಳಿದು, ಎದೆಯಿಂದ ಬೇರೆ ಕಡೆ ಹರಡತ್ತೆ. ಗಂಟಲಿಗೂ.

ಜೀಪು ಹತ್ತಿ ಪೇಟೆಗೆ ಹೋದೆವು. ಆಸ್ಪತ್ರೆಗೆ ಫೋನ್ ಮಾಡಿದರೆ ಇವರಿಂದ ಅವರಿಗೆ, ಅವರಿಂದ ಇವರಿಗೆ. ಹಗ್ಗದಣ್ಣ ಪಕ್ಕದಲ್ಲಿ ಚಿಲ್ಲರೆ ಹಾಕುತ್ತಲೇ ಇದ್ದ. ಕೊನೆಗೂ ನಿನ್ನ ಡಾಕ್ಟರಮ್ಮ ಸಿಕ್ಕರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಗುಹೆ, ಧೂಳು, ಹಗ್ಗದಣ್ಣನ ಎದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ನಿಮ್ಮ ತಾಯಿ ಉಬ್ಬಸಕ್ಕೆ ಎಳೆದುಕೊಳ್ಳುವ ಔಷಧಿ ಎಷ್ಟು ವರ್ಷದಿಂದ ತಗೊಳ್ತಿದ್ದಾರೆ?" ತುಂಬ ವರ್ಷದಿಂದ ಅಂದೆ. ಆ ಕಡೆ ಪೆನ್ನು ಓಡುವ ಸದ್ದು ಕೇಳಿಸಿತು. ತೆಗೆದ ಚೂರು ಇನ್ನೂ ಭದ್ರವಾಗಿದೆ, ಬೇರೆ ಬಣ್ಣ ಹಾಕಿಸಿ ನೋಡಿಸುತ್ತೇನೆ, ಆದರೆ ಆಸೆ ಇಟ್ಟುಕೊಂಡು ಕೂರಬೇಡಿ ಅಂದರು.

ನನಗೆ ಆಸೆ ಇಟ್ಟುಕೊಳ್ಳದೆ ಇರಲು ಬರುವುದಿಲ್ಲ, ಅಮ್ಮ. ತಪ್ಪಾದರೆ ತಪ್ಪಾಗಲಿ, ಆಪರೇಷನ್ ದಿನ ನಿನ್ನ ಮಂಚದ ಪಕ್ಕ ಇರುತ್ತೇನೆ. ನನ್ನ ಜಾಗಕ್ಕೆ ಬರುವವಳು ಹದಿನೆಂಟಕ್ಕೆ ಬರುತ್ತಾಳೆ. ಅವಳು ಜೀಪಿನಿಂದ ಇಳಿದರೆ ನಾನು ಹತ್ತುತ್ತೇನೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಮಗಳು


ಫೆಬ್ರವರಿ 17

ನನ್ನ ಬಾವಲಿಗೆ,

ನೀನು ಹೊರಡುವ ಮೊದಲು ಇದು ಸಿಗತ್ತೋ ಇಲ್ಲವೋ. ಸಿಗದಿದ್ದರೆ ನೀನು ಇಲ್ಲಿಗೆ ಬಂದಮೇಲೆ ಸ್ಲೇಟಿನ ಮೇಲೆ ಮತ್ತೆ ಬರೆಯುತ್ತೇನೆ, ನನಗೆ ಬೇಜಾರಿಲ್ಲ. ಇದನ್ನು ನೂರು ಸಾರಿ ಬರೆಯಲು ಸಿದ್ಧ.

ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಆಳು ಬಂದ, ಡಾಕ್ಟರಮ್ಮ ಈಗಲೇ ಬರಹೇಳಿದ್ದಾರೆ ಅಂತ. ನಿನ್ನ ಚಿಕ್ಕಮ್ಮನನ್ನೂ ಎಳೆದುಕೊಂಡು ಹೊರಟೆ. ಅಲ್ಲಿ ಹೋದರೆ ಡಾಕ್ಟರಮ್ಮ ತಮ್ಮ ಕೋಣೆಯಲ್ಲಿಲ್ಲ. ಆಳು ನಮ್ಮನ್ನು ಪರೀಕ್ಷೆಯ ಕೋಣೆಗೆ ಕರೆದುಕೊಂಡು ಹೋದ, ಅಲ್ಲಿದ್ದರು. ಉದ್ದನೆ ಮೇಜು, ಗಾಜಿನ ಪಟ್ಟಿಗಳು, ಕಿಟಕಿ ಹತ್ತಿರ ಒಂದು ಸೂಕ್ಷ್ಮದರ್ಶಕ. ಅದರ ಮುಂದೆ ಬಗ್ಗಿ ನಿಂತಿದ್ದವರು ಮೊದಲು ಕ್ಯಾನ್ಸರ್ ಅಂತ ಬರೆದ ಅದೇ ಡಾಕ್ಟರು. ವಯಸ್ಸಾದ ಮನುಷ್ಯ. ನನ್ನನ್ನು ಕಂಡು ಎದ್ದು ತಮ್ಮ ಸ್ಟೂಲು ಕೊಟ್ಟರು. ನೋಡಿ ಅಂದರು.

ಒಂದು ಕಣ್ಣು ಮುಚ್ಚಿ ನೋಡಿದೆ. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಹಸಿರು. ಹಸಿರು ಬಟ್ಟೆ ಹಾಸಿ ಅದರ ಮೇಲೆ ಯಾರೋ ಒಂದು ಹಿಡಿ ಸಾಸಿವೆ ಚೆಲ್ಲಿದ ಹಾಗೆ, ಕಪ್ಪಗೆ, ಗುಂಡಗೆ, ಇಷ್ಟಿಷ್ಟೇ. ನೀನು ಬರೆದಿದ್ದ ಶಿಲೀಂಧ್ರದ ಕಣಗಳೇ. ಬೆಳ್ಳಿಯ ಬಣ್ಣ ಹಾಕಿದಾಗ ಮಾತ್ರ ಅವು ಹೀಗೆ ಕಪ್ಪಗೆ ಎದ್ದು ಕಾಣುತ್ತವಂತೆ. ಮಾಮೂಲಿ ಬಣ್ಣದಲ್ಲಿ ಅಡಗಿ ಕೂತಿದ್ದವು. ಮೇಲಿನ ಚರ್ಮ ಅವುಗಳ ಕಾಟಕ್ಕೆ ದಪ್ಪಗಾಗಿ, ಥೇಟ್ ಕ್ಯಾನ್ಸರಿನ ವೇಷ ಹಾಕಿಕೊಂಡಿತ್ತು.

ಡಾಕ್ಟರಮ್ಮ ನನ್ನ ಮುಂದೆ ಕೂತು, ತುಟಿ ಓದಲು ನಿನ್ನ ಚಿಕ್ಕಮ್ಮನಿಗೂ ಅನುಕೂಲವಾಗಲಿ ಅಂತ ನಿಧಾನವಾಗಿ ಹೇಳಿದರು: "ಇದು ಕ್ಯಾನ್ಸರ್ ಅಲ್ಲ. ನಾನು ಏನನ್ನೂ ಕತ್ತರಿಸೋದಿಲ್ಲ."

ನಿನ್ನ ಚಿಕ್ಕಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ಅವಳನ್ನು ಎಬ್ಬಿಸಬೇಕೋ, ಡಾಕ್ಟರಮ್ಮನ ಕೈ ಹಿಡಿಯಬೇಕೋ ತಿಳಿಯದೆ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಅಷ್ಟು ಚೆಂದ ಕಾಣುತ್ತಿತ್ತು ಕಣೇ ಆ ದರಿದ್ರ ಸಾಸಿವೆ.

ಆಮೇಲೆ ಜಾತ್ರೆಯೇ ನಡೆಯಿತು. ಕಲಿಯುವ ಮಕ್ಕಳು ಸಾಲಾಗಿ ಬಂದರು. ಗಂಟಲಿನಲ್ಲಿ ಇದು ಬರೋದು ಎಷ್ಟು ಅಪರೂಪವೆಂದರೆ ಡಾಕ್ಟರಮ್ಮನೂ ಪುಸ್ತಕದಲ್ಲಿ ಓದಿದ್ದು ಬಿಟ್ಟರೆ ಕಂಡವರಲ್ಲ. ಒಬ್ಬೊಬ್ಬರೂ ನೋಡಿ, ನೋಡಿದ ಮೇಲೆ ನನ್ನ ಮುಖ ನೋಡುತ್ತಿದ್ದರು, ಮದುಮಗಳನ್ನು ನೋಡಿದ ಹಾಗೆ. ಎದೆಯ ಫೋಟೋದಲ್ಲೂ ಪುಟ್ಟ ಪುಟ್ಟ ಚುಕ್ಕೆಗಳಿವೆ. ಉಬ್ಬಸದ ಔಷಧಿ ಗಂಟಲಿನ ಕಾವಲನ್ನು ಸಡಿಲ ಮಾಡಿತ್ತು, ಹಾಗಾಗಿ ಅಲ್ಲಿ ಮನೆ ಮಾಡಿಕೊಂಡಿತು ಅಂದರು. ಇನ್ನೊಂದು ಚೂರು ತೆಗೆದು ಬೆಳೆಯಲು ಇಟ್ಟಿದ್ದಾರೆ, ಖಾತ್ರಿಗೆ. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ನುಂಗುತ್ತೇನೆ. ಕಲ್ಲು ಕೊಟ್ಟರೂ ನುಂಗುತ್ತೇನೆ.

ಈಗ ಬರಲೇಬೇಕು ಅಂತೇನೂ ಇಲ್ಲ. ಆದರೂ ಬಂದರೆ, ಹಿಂದಿನ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ಅಮ್ಮ


ಏಪ್ರಿಲ್ 14

ಅಮ್ಮಾ,

ನಿನ್ನನ್ನು ನೋಡಿ ಊರಿನಿಂದ ಹೊರಟ ಮೇಲೆ ಬರೆಯೋದು ತಡವಾಯಿತು. ಕ್ಯಾಂಪಿನಲ್ಲಿ ಕೆಲಸ ಗುಡ್ಡೆ ಬಿದ್ದಿತ್ತು. ಈಗ ನಾವೆಲ್ಲ ಮೂಗು ಬಾಯಿ ಮುಚ್ಚುವ ದಪ್ಪ ಮುಖವಾಡ ಹಾಕಿಕೊಂಡೇ ಒಳಗೆ ಇಳಿಯೋದು, ನೋಡಲು ಬರುವವರನ್ನು ಬಿಡುತ್ತಿಲ್ಲ. ಮುಖವಾಡದೊಳಗೆ ಮಾತಾಡಿದರೆ ಎಲ್ಲರೂ ಶೀತ ಆದವರ ಹಾಗೆ ಕೇಳಿಸುತ್ತಾರೆ. ಹೊಸ ಕೋಣೆಯ ಮರಿಗಳು ಹಾರಲು ಕಲಿತಿವೆ. ಆ ಜಾತಿಯ ಬಗ್ಗೆ ನಮ್ಮ ಬರಹ ವಿಜ್ಞಾನದ ಪತ್ರಿಕೆಯಲ್ಲಿ ಒಪ್ಪಿಗೆಯಾಗಿದೆ. ಪುಸ್ತಕಗಳು ತಿದ್ದಿಕೊಳ್ಳಬೇಕಾಗತ್ತೆ.

ನಿನ್ನ ಚೂರಿನಿಂದ ಬೆಳೆದದ್ದು ಅದೇ ಶಿಲೀಂಧ್ರ ಅಂತ ಡಾಕ್ಟರಮ್ಮ ನನಗೂ ಬರೆದಿದ್ದಾರೆ. ಮಾತ್ರೆಗೆ ಹೊಟ್ಟೆ ತೊಳಸುವುದು ಕಡಿಮೆಯಾಯಿತಾ? ಕಾಲು ಊದುತ್ತಿದೆಯಾ? ನಿಜ ಬರಿ.

ಅಡುಗೆಮನೆಯಲ್ಲಿ ಅವತ್ತು ನನ್ನಿಂದಲೇ ಹೀಗಾಯಿತು ಅಂತ ಹೇಳಲು ನಾನು ಬಾಯಿ ತೆರೆದಾಗ ನೀನು "ಗುಹೆಯ ಮಾತು ಬೇಡ" ಅಂತ ಬರೆದು, ನಾನು ಉತ್ತರ ಕೊಡುವ ಮೊದಲೇ ಸೆರಗಿನಿಂದ ಒರೆಸಿದೆ. ಆಮೇಲೆ ತಟ್ಟೆಗೆ ಇನ್ನೂ ಒಂದು ಸೌಟು ಬಡಿಸಿದೆ. ಸರಿ. ಆ ಮಾತು ಎತ್ತುವುದಿಲ್ಲ. ಊಟ ಚೆನ್ನಾಗಿತ್ತು ಅಂತ ಮಾತ್ರ ಹೇಳುತ್ತೇನೆ.

ಮಗಳು


ಜೂನ್ 12

ನನ್ನ ಬಾವಲಿಗೆ,

ಸದ್ದು ಬಂತು.

ನಿನ್ನೆ ಸಂತೆಗೆ ಹೊರಟಿದ್ದೆವು. ನಿನ್ನ ಚಿಕ್ಕಮ್ಮ ಎಂದಿನ ಹಾಗೆ ನನಗಿಂತ ಮುಂದೆ, ರಸ್ತೆ ತನ್ನದೇ ಅನ್ನುವ ಹಾಗೆ ಕಾಲಿಟ್ಟಳು. ಐಸಿನ ಲಾರಿ ರಿವರ್ಸಿನಲ್ಲಿ ಬರುತ್ತಿತ್ತು. ಅವಳಿಗೆ ಅದು ಕೇಳಿಸಲಿಲ್ಲ, ಕಾಣಲೂ ಇಲ್ಲ. ನಾನು ಏನು ಮಾಡುತ್ತಿದ್ದೇನೆ ಅಂತ ತಿಳಿಯುವ ಮೊದಲೇ ನನ್ನ ಒಳಗಿನಿಂದ "ನಿಲ್ಲೇ" ಅಂತ ಬಂತು. ಬಂತು ಅನ್ನುವುದಕ್ಕಿಂತ ತುಕ್ಕು ಹಿಡಿದ ಗೇಟು ತೆರೆದ ಹಾಗಾಯಿತು. ಲಾರಿಯವನು ಬ್ರೇಕು ಒತ್ತಿದ. ನಿನ್ನ ಚಿಕ್ಕಮ್ಮನೂ ನಿಂತಳು. ತನಗೆ ಕೇಳಿಸಿತು ಅಂತ ಅವಳ ವಾದ, ಲಾರಿ ನಿಂತಾಗ ನೆಲ ನಡುಗಿದ್ದಕ್ಕೆ ನಿಂತಳು ಅಂತ ನನ್ನ ವಾದ. ನಡುರಸ್ತೆಯಲ್ಲಿ ನಿಂತು ಆ ಜಗಳ ಬಾಯಲ್ಲೇ ಆಡಿದೆವು. ಸ್ಲೇಟು ಚೀಲದಲ್ಲೇ ಇತ್ತು.

ಅಲ್ಲಿಂದ ನೇರ ಆಸ್ಪತ್ರೆಗೆ. ಕೊಳವೆ ಬಿಟ್ಟರು. ಹೂಕೋಸು ಇಲ್ಲ. ಹೋಗಿದೆ. ಆದರೆ ಅದು ಕೂತಿದ್ದ ಜಾಗದಲ್ಲಿ ತಂತು ಗಾಯ ಮಾಗಿ ಬಿಗಿದುಕೊಂಡಿದೆ. ಎರಡೂ ಪೂರ್ತಿ ಕೂಡಿಕೊಳ್ಳುವುದಿಲ್ಲ. ಮಾತ್ರೆ ಇನ್ನೂ ಕೆಲವು ತಿಂಗಳು ಬಿಡುವ ಹಾಗಿಲ್ಲ. ಮೊದಲಿನ ಧ್ವನಿ ಬರತ್ತಾ ಅಂತ ಕೇಳಿದೆ, ಬಾಯಲ್ಲೇ ಕೇಳಿದೆ. ಡಾಕ್ಟರಮ್ಮ ಸುತ್ತುಬಳಸಲಿಲ್ಲ. ಧ್ವನಿ ಇರತ್ತೆ, ಅದೇ ಧ್ವನಿ ಅಲ್ಲ ಅಂದರು.

ಇಪ್ಪತ್ತೇಳನೇ ತಾರೀಕು ಭಾನುವಾರ ಬೆಳಿಗ್ಗೆ ಪೇಟೆಯ ಆ ಬೂತಿನ ಹತ್ತಿರ ಇರು. ನಂಬರು ನನ್ನ ಹತ್ತಿರ ಇದೆ. ನಾನೇ ಮಾಡುತ್ತೇನೆ.

ಅಮ್ಮ


ಜೂನ್ 27

ಅಮ್ಮಾ,

ಬೂತಿನಿಂದ ಬಂದು ನೇರ ಬರೆಯಲು ಕೂತಿದ್ದೇನೆ. ಬೆಳಿಗ್ಗೆಯಿಂದ ಕಾಯುತ್ತಿದ್ದೆ. ಫೋನ್ ಬಡಿದಾಗ ಬೂತಿನವರನ್ನೇ ತಳ್ಳಿ ಎತ್ತಿಕೊಂಡೆ. ಆ ಕಡೆ ಯಾರೋ ದಪ್ಪ ದನಿಯಲ್ಲಿ, ಬಹಳ ದೂರದಿಂದ, ಏನೋ ಅಂದರು. ಬೇರೆ ಯಾರದೋ ಲೈನು ಅಡ್ಡಬಂದಿದೆ, ಯಾರೋ ಗಂಡಸು ಅಂದುಕೊಂಡೆ. "ಯಾರು ಮಾತಾಡ್ತಿರೋದು?" ಅಂದೆ.

ನೀನು ಫೋನ್ ಇಟ್ಟುಬಿಟ್ಟೆ. ಇಟ್ಟ ಸದ್ದು ಕೇಳಿದ ಮೇಲೆ ನನಗೆ ಹೊಳೆಯಿತು.

ತಿರುಗಿ ಮಾಡಿದೆ, ಮತ್ತೆ ಮಾಡಿದೆ. ಯಾರೂ ಎತ್ತಲಿಲ್ಲ. ಬೂತಿನವರು ಬಾಗಿಲು ಹಾಕುವವರೆಗೂ ಅಲ್ಲೇ ನಿಂತಿದ್ದೆ.

ನಾನು ಏನು ಬರೆದರೂ ಸಮಜಾಯಿಷಿಯ ಹಾಗೆ ಕಾಣತ್ತೆ. ಹಾಗಾಗಿ ಇಷ್ಟೇ: ನಿನ್ನ ದನಿ ಕೇಳಿದೆ, ಅಮ್ಮ. ಕೇಳಿದೆ.

ಮಗಳು


ಆಗಸ್ಟ್ 22

ನನ್ನ ಬಾವಲಿಗೆ,

ನಿನ್ನ ಮೂರು ಪತ್ರಕ್ಕೆ ಉತ್ತರ ಬರೆಯದೆ ಕೂತಿದ್ದೆ. ಕೋಪ ಅಲ್ಲ. ಅವತ್ತು ನೀನು ಕೇಳಿದ್ದರಲ್ಲಿ ತಪ್ಪೇನಿಲ್ಲ. ಉತ್ತರ ನನಗೆ ಗೊತ್ತಿರಲಿಲ್ಲ, ಅದಕ್ಕೇ ಇಟ್ಟೆ. ಆಮೇಲೆ ಫೋನ್ ಬಡಿದುಕೊಳ್ಳುತ್ತಿತ್ತು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ.

ಇವತ್ತು ಬರೆಯುತ್ತಿರೋದಕ್ಕೆ ಕಾರಣ ಇದೆ. ಬೆಳಿಗ್ಗೆ ಮಾರುಕಟ್ಟೆಗೆ ಹೋದೆ. ಸುಮ್ಮನೆ ಮುಖ ತೋರಿಸಿ ಬರೋಣ ಅಂತ. ದೋಣಿಗಳು ಆಗಷ್ಟೇ ಬಂದಿದ್ದವು. ಒದ್ದೆ ಸಿಮೆಂಟು, ಐಸಿನ ಹೊಗೆ, ಪೆಟ್ಟಿಗೆ ಎಳೆಯುವ ಕರಕರ, ಎಲ್ಲ ಹಾಗೇ ಇದೆ. ನನ್ನ ಜಾಗದಲ್ಲಿ ಕೂಗುತ್ತಿದ್ದವನು ನನ್ನನ್ನು ಕಂಡದ್ದೇ ಕೆಳಗಿಳಿದು ಕೈತೋರಿಸಿದ. ಬೇಡ ಅಂದೆ. ಅವನು ಹೋಗಿ ಟೀ ಕುಡಿಯುತ್ತ ನಿಂತ. ಜನ ಕಾಯುತ್ತಿದ್ದರು. ಮೀನು ಕಾಯುವುದಿಲ್ಲ. ಹತ್ತಿದೆ.

ಮೊದಲ ಪೆಟ್ಟಿಗೆಗೆ ಬಾಯಿ ತೆರೆದೆ. ಮುಂದಿನ ಸಾಲಿಗೆ ಕೂಡ ಕೇಳಿಸಲಿಲ್ಲ. ಹಿಂದಿನವರು ತಮ್ಮ ಪಾಡಿಗೆ ಹರಟುತ್ತಿದ್ದರು. ಯಾರೋ ಒಬ್ಬ, ಮೈಕು ತರಿಸಿ ಅಂದ. ನನ್ನ ಮೈ ಉರಿಯಿತು. ಹಳೆಯ ಹಾಗೆ ಎತ್ತರಿಸಲು ಹೋದೆ, ದನಿ ನಡುವೆಯೇ ಮುರಿದುಹೋಯಿತು. ಇಳಿದುಬಿಡಲೇ ಅನ್ನಿಸಿತು, ಒಂದು ಕಾಲು ಇಳಿಸಿಯೂ ಆಗಿತ್ತು.

ಆಗ ಆಳುದ್ದದ ಒಂದು ಮೀನನ್ನು ಇಬ್ಬರು ಹೊತ್ತು ತಂದು ಮುಂದೆ ಮಲಗಿಸಿದರು. ಬೆನ್ನು ನೀಲಿಗೆ ಮಿಂಚುತ್ತಿತ್ತು. ಅಂಥದ್ದು ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಇದನ್ನು ಇನ್ನೊಬ್ಬರ ಕೈಗೆ ಬಿಡಲು ನನ್ನ ಕೈಲಾಗಲಿಲ್ಲ. ಕಾಲು ಮೇಲಿಟ್ಟೆ. ಈ ಸಾರಿ ಕೂಗಲಿಲ್ಲ. ಆ ದಪ್ಪ ದನಿಯಲ್ಲೇ, ಅದು ಎಷ್ಟು ಎತ್ತರ ಹೋಗತ್ತೋ ಅಷ್ಟರಲ್ಲೇ, ನಿಧಾನವಾಗಿ, ಮೀನಿನ ಜೊತೆ ಮಾತಾಡುವ ಹಾಗೆ ಶುರುಮಾಡಿದೆ. ಎದುರಿಗಿದ್ದವರು ಕೇಳಿಸಿಕೊಳ್ಳಲು ಮುಂದೆ ಬಗ್ಗಿದರು. ಅವರ ಹಿಂದಿನವರು ಅವರನ್ನು ತಳ್ಳಿಕೊಂಡು ಹತ್ತಿರ ಬಂದರು. ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಐಸು ಒಡೆಯುವವನೂ ಸುತ್ತಿಗೆ ಇಳಿಸಿದ. ಅಷ್ಟು ವರ್ಷ ಕೂಗಿದ್ದೇನೆ ಕಣೇ, ಆ ಮಾರುಕಟ್ಟೆಯಲ್ಲಿ ನೀರು ತೊಟ್ಟಿಕ್ಕುವ ಸದ್ದನ್ನು ನಾನು ಕೇಳಿದ್ದು ಇದೇ ಮೊದಲು. ಬೆಲೆ ಏರಿಸುವ ಬೆರಳುಗಳು ಮೇಲೇಳುತ್ತಲೇ ಇದ್ದವು. ಮುಗಿದ ಮೇಲೂ ಯಾರೂ ಸರಿಯಲಿಲ್ಲ, ಮುಂದಿನ ಪೆಟ್ಟಿಗೆಗೆ ಕಾಯುತ್ತಿದ್ದರು.

ಇಳಿದು ಬಂದಾಗ ಬೆನ್ನೆಲ್ಲ ಒದ್ದೆ. ಹೊಸಬನೊಬ್ಬ, ಬೇರೆ ಊರಿನ ವ್ಯಾಪಾರಿ ಇರಬೇಕು, ಪಕ್ಕದವನ ಹತ್ತಿರ ನನ್ನನ್ನು ತೋರಿಸಿ ಇವರು ಯಾರು ಅಂತ ಕೇಳುತ್ತಿದ್ದ. ಪಕ್ಕದವನು ಬಾಯಿ ತೆರೆಯುವ ಮೊದಲೇ ನಾನು ತಿರುಗಿ ಹೇಳಿದೆ, "ನಾನು ಇಲ್ಲಿ ಹರಾಜು ಕೂಗುವವಳು." ಆ ದನಿಯಲ್ಲೇ ಹೇಳಿದೆ. ಹೇಳಿದ ಮೇಲೆ ಅದು ನನ್ನದೇ ಅನ್ನಿಸಿತು.

ಸೆಪ್ಟೆಂಬರ್ ಐದರ ಭಾನುವಾರ ಬೂತಿನ ಹತ್ತಿರ ಇರು. ಎತ್ತಿದ ಕೂಡಲೇ ಅಮ್ಮಾ ಅಂತ ಹಲ್ಲು ಕಿರಿಯಬೇಡ. ಅವತ್ತಿನ ಹಾಗೇ ಕೇಳು, ಯಾರು ಮಾತಾಡ್ತಿರೋದು ಅಂತ. ಹೇಳುತ್ತೇನೆ.

ಅಮ್ಮ